ಪಾಸಾದ ಗಾಡಿಯನ್ನು ಫೇಲ್ ಮಾಡಿಸಲು ಹೋದ ತಕ್ಕಡಿ ಮಾವ

ತಕ್ಕಡಿ ಮಾವನ ಮೋಟಾರ್‌ಸೈಕಲ್ಲು ಹದಿನಾಲ್ಕನೆಯ ಸಲ ತಪಾಸಣೆಯಲ್ಲಿ ಪಾಸಾದ ಬುಧವಾರ ಅವನು ಮನೆಗೆ ಹಾಡಿಕೊಂಡು ಬಂದ. ಹಾಡುವುದು ಅವನ ಜಾಯಮಾನವಲ್ಲ, ಬಯ್ಯುವುದು ಅವನ ಜಾಯಮಾನ. ಬಾಗಿಲಲ್ಲಿ ಹಾಡುತ್ತ ನಿಂತ ಗಂಡನನ್ನು ಕಂಡು ಹೆಂಡತಿ, "ಯಾಕ್ರೀ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು.

ಅವನ ಕಸುಬು ತಕ್ಕಡಿ ರಿಪೇರಿ. ದಿನಸಿ ಅಂಗಡಿಯ ತೂಗುತಕ್ಕಡಿ, ಮಂಡಿಯಲ್ಲಿ ಮೂಟೆ ತೂಗುವ ಕಾಟಾ, ಅಕ್ಕಸಾಲಿಯ ಗಾಜಿನ ಪೆಟ್ಟಿಗೆಯೊಳಗಿನ ಪುಟಾಣಿ ತಕ್ಕಡಿ, ಈಚೆಗೆ ಬಂದ ಕೆಂಪು ಅಂಕಿ ಮಿನುಗಿಸುವ ಕರೆಂಟಿನ ತಕ್ಕಡಿ, ಪೇಟೆಯಲ್ಲಿ ಎಲ್ಲೆಲ್ಲಿ ತೂಕ ನಡೆಯುತ್ತಿತ್ತೋ ಅಲ್ಲೆಲ್ಲ ಅವನ ಕೈ ಆಡಿತ್ತು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತಿದ್ದ. ಹೇಳುವುದೆಂದರೆ ಮೆಲ್ಲಗಲ್ಲ, ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಚೀಲ ಹಿಡಿದುಕೊಂಡು ತಿರುಗಿ ನೋಡುವ ಹಾಗೆ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು. ಅಷ್ಟು ಬಯ್ಯುವವನು ಮನೆಯವನೇ ಇರಬೇಕು ಎಂಬ ಲೆಕ್ಕವೋ ಏನೋ.

ಗಾಡಿಗೆ ಇಪ್ಪತ್ತೊಂಬತ್ತು ವರ್ಷ. ಹದಿನೈದು ದಾಟಿದ ಯಾವ ಗಾಡಿಯಾದರೂ ವರ್ಷಕ್ಕೊಮ್ಮೆ ತಪಾಸಣೆ ಕೇಂದ್ರಕ್ಕೆ ಹೋಗಿ, ರಸ್ತೆಗೆ ಯೋಗ್ಯ ಎಂದು ಫಿಟ್‌ನೆಸ್ ಚೀಟಿ ಬರೆಸಿಕೊಂಡು ಬರಬೇಕು. ಮಾವನ ಗಾಡಿಯ ಎಡಮಗ್ಗುಲಿಗೆ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ತಕ್ಕಡಿಗಳನ್ನು ಪರೀಕ್ಷಿಸುವ ಕಬ್ಬಿಣದ ತೂಕದ ಬಟ್ಟುಗಳು, ಒಟ್ಟು ಇಪ್ಪತ್ತು ಕಿಲೋ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅದಕ್ಕೆ ಮಾವ ಸೀಟಿನ ಮೇಲೆ ಬಲಕ್ಕೆ ವಾಲಿ ಕೂರುತ್ತಿದ್ದ. ಹಿಂದಿನ ಬ್ರೇಕನ್ನು ಎರಡು ಸಲ ಸುಮ್ಮನೆ ತುಳಿದರೆ ಮೂರನೆಯ ಸಲ ಹಿಡಿಯುತ್ತಿತ್ತು. ಮುಂದಿನ ಬ್ರೇಕು ಕೈಯಿಟ್ಟುಕೊಳ್ಳಲು ಒಂದು ಜಾಗ, ಅಷ್ಟೆ. ಹ್ಯಾಂಡಲನ್ನು ಒಂದಿಷ್ಟು ಬಲಕ್ಕೆ ತಿರುಗಿಸಿದರೆ ಮಾತ್ರ ಹಾರ್ನು ಬಾಯಿಬಿಡುತ್ತಿತ್ತು. ಹೆಡ್‌ಲೈಟಿಗೆ ಮೇಲಿನಿಂದ ಒಂದು ಏಟು ಕೊಡಬೇಕಿತ್ತು. ಇವನ್ನು ಮಾವ ದೋಷ ಎಂದು ಎಂದೂ ಕರೆದವನಲ್ಲ. "ಅದರ ಗುಣ" ಎನ್ನುತ್ತಿದ್ದ.

ಇಂಥ ಗುಣವಂತ ಗಾಡಿ ಹದಿನಾಲ್ಕು ಸಲ ಪಾಸಾದದ್ದು ಹೇಗೆ? ಅದಕ್ಕೆ ಸೈಲೆನ್ಸರಿನ ಗ್ಯಾರೇಜಿಗೆ ಹೋಗಬೇಕು.

ಸೈಲೆನ್ಸರ್ ಎಂದರೆ ಮೆಕ್ಯಾನಿಕ್ಕು. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದವನಿಗೆ ಪೇಟೆಯವರು ಇಟ್ಟ ಹೆಸರು ಅದು. ಮಾವನದೇ ಮಾದರಿಯ ಹಳೆ ಗಾಡಿಗಳು ಊರಲ್ಲಿ ಇನ್ನೂ ಆರೇಳು ಓಡುತ್ತಿದ್ದವು. ಅವಕ್ಕೆಂದೇ ಅವನು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ, ಗೋಣಿಚೀಲದ ಮರೆಯಲ್ಲಿ ಒಂದು ಜೊತೆ ಸಾಮಾನು ಇಟ್ಟಿದ್ದ. ಬ್ರೇಕ್ ಸಮೇತ ಹಿಂದಿನ ಚಕ್ರ, ಬ್ರೇಕ್ ಸಮೇತ ಮುಂದಿನ ಚಕ್ರ, ಹೆಡ್‌ಲೈಟು, ಹಾರ್ನು, ಎರಡು ಕನ್ನಡಿ. ಎಲ್ಲ ಹೊಸದು, ಎಲ್ಲ ಫಳಫಳ. ಅದಕ್ಕೆ ಮದುಮಗನ ಸೆಟ್ ಎಂದು ಹೆಸರು. ಯಾರ ಗಾಡಿಯ ಸರದಿ ಬಂದರೂ ಅದಕ್ಕೆ ಆ ಸೆಟ್ ತೊಡಿಸುವುದು, ತಪಾಸಣೆ ಕೇಂದ್ರಕ್ಕೆ ಕಳಿಸುವುದು, ಪಾಸಾಗಿ ಬಂದ ಮೇಲೆ ಬಿಚ್ಚಿಟ್ಟು ಹಳೆಯದನ್ನು ತೊಡಿಸುವುದು. ಗ್ಯಾರೇಜಿನಿಂದ ಕೇಂದ್ರಕ್ಕೆ, ಕೇಂದ್ರದಿಂದ ಗ್ಯಾರೇಜಿಗೆ ಬಿಟ್ಟರೆ ಆ ಚಕ್ರಗಳು ಬೇರೆ ರಸ್ತೆ ಕಂಡದ್ದಿಲ್ಲ. ಟೈರಿನ ಮೇಲಿನ ಹೊಸ ರಬ್ಬರಿನ ಕೂದಲು ಕೂಡ ಉದುರಿರಲಿಲ್ಲ.

"ನಮ್ಮೂರಲ್ಲಿ ಜಾಸ್ತಿ ಪರೀಕ್ಷೆ ಪಾಸು ಮಾಡಿರೋದು ಈ ಚಕ್ರ ಕಣ್ ಮಾವ," ಎಂದಿದ್ದ ಸೈಲೆನ್ಸರ್ ಬುಧವಾರ ನಟ್ಟು ಬಿಚ್ಚುತ್ತ. "ನಾನು ಏಳನೇ ಕ್ಲಾಸಲ್ಲಿ ಮೂರು ಸಲ ಕೂತೆ, ಇದು ಒಂದೇ ಸಲಕ್ಕೆ ಎದ್ದು ಬರುತ್ತೆ."

"ಬಾಯಿ ಮುಚ್ಕೊಂಡು ಬಿಚ್ಚೋ. ನಂಗೆ ಮಂಡಿಗೆ ಹೋಗ್ಬೇಕು," ಎಂದಿದ್ದ ಮಾವ. ಹಾಡು ಶುರುವಾದದ್ದು ಅಲ್ಲಿಂದ ಹೊರಟ ಮೇಲೆ.

ಗುರುವಾರ ಮಗಳು ಓಡಿಬಂದಳು. ಕೈಯಲ್ಲಿ ಕಾಗದ, ಮುಖದಲ್ಲಿ ನಗು.

"ಅಪ್ಪಾ, ಕೆಲ್ಸ ಸಿಕ್ತು! ದನದ ಆಸ್ಪತ್ರೆಲಿ!"

ಡಾಕ್ಟರಿಗೆ ಸಹಾಯಕಿ. ಸುತ್ತಲಿನ ಗುಡ್ಡದ ಮೇಲಿನ ಮನೆಮನೆಗೆ ಹೋಗಿ ದನಗಳಿಗೆ ಚುಚ್ಚುಮದ್ದು ಹಾಕುವುದು, ದಿನಕ್ಕೆ ನಲವತ್ತು ಕಿಲೋಮೀಟರ್ ಸುತ್ತುವುದು. ಎರಡು ವರ್ಷದಿಂದ ಅವಳು ಈ ಕೆಲಸಕ್ಕೆ ಕಾದಿದ್ದಳು. ಸೋಮವಾರ ಒಂಬತ್ತಕ್ಕೆ ಹಾಜರಾಗಬೇಕು. ಸ್ವಂತ ಗಾಡಿ ಇರಬೇಕು, ಗಾಡಿ ಹಳೆಯದಾದರೆ ಚಾಲ್ತಿಯಲ್ಲಿರುವ ಫಿಟ್‌ನೆಸ್ ಚೀಟಿ ಇರಬೇಕು.

"ನಮ್ಮ ಗಾಡಿ ನಿನ್ನೆ ತಾನೇ ಪಾಸಾಗಿದೆ! ನನ್ನ ಅದೃಷ್ಟ ನೋಡಪ್ಪಾ. ಕೊಡ್ತೀಯಾ ತಾನೇ?"

"ಕೊಡ್ದೆ ಇನ್ನೇನು? ಪೇಟೆ ಸುತ್ತೋಕೆ ನಂಗೆ ಕಾಲೇ ಸಾಕು. ಬಟ್ಟುಗಳನ್ನ ತಳ್ಳುಗಾಡಿಲಿ ಹಾಕ್ಕೋತೀನಿ," ಎಂದ ಮಾವ. ಖುಷಿಯಿಂದಲೇ ಎಂದ. ಆ ಖುಷಿ ಲೋಟದ ಕಾಫಿ ಮುಗಿಯುವವರೆಗೆ ಇತ್ತು. ಲೋಟ ಕೆಳಗಿಡುವಾಗ ಅವನಿಗೆ ಗುಡ್ಡದ ರಸ್ತೆ ನೆನಪಾಯಿತು. ಏರಿದ್ದೆಲ್ಲ ಇಳಿಯಲೇಬೇಕಾದ ರಸ್ತೆ.

ಸಂಜೆ ಅವಳನ್ನು ಮರದ ಮಿಲ್ಲಿನ ಪಕ್ಕದ ಬಯಲಿಗೆ ಕರೆದೊಯ್ದ. ಅವಳಿಗೆ ಲೈಸೆನ್ಸ್ ಇತ್ತು, ಆದರೆ ಕಲಿತದ್ದು ಗೆಳತಿಯ ಹೊಸ ಗಾಡಿಯ ಮೇಲೆ.

"ನೋಡು ಪುಟ್ಟೀ, ಬಲಕ್ಕೆ ವಾಲಿ ಕೂತ್ಕೋ."

"ಯಾಕೆ?"

"ಅದರ ಗುಣ. ಬ್ರೇಕ್ ಎರಡು ಸಲ ಸುಮ್ನೆ ತುಳಿ. ಮೂರನೇದಕ್ಕೆ ಹಿಡಿಯುತ್ತೆ."

"ಎದುರಿಗೆ ಎಮ್ಮೆ ಬಂದ್ರೆ? ಒಂದು, ಎರಡು ಅಂತ ಎಣಿಸ್ಲಾ?"

"ಎಮ್ಮೆ ಬರೋಕ್ ಮುಂಚೇನೇ ಗೊತ್ತಾಗ್ಬೇಕು ಕಣೇ! ನಂಗೆ ಗೊತ್ತಾಗಲ್ವಾ?"

ಅವಳು ನಕ್ಕು ಕಿಕ್ ಹೊಡೆದಳು. ಒಂದು ಸುತ್ತು ಚೆನ್ನಾಗಿಯೇ ಹೋದಳು. ಎರಡನೆಯ ಸುತ್ತಿನಲ್ಲಿ, ಬುದ್ಧಿ ನೆಟ್ಟಗಿರುವ ಯಾರಾದರೂ ಮಾಡುವಂತೆ, ನಿಲ್ಲಿಸಬೇಕೆಂದಾಗ ಬ್ರೇಕು ತುಳಿದಳು. ಒಂದೇ ಸಲ. ಗಾಡಿ ನಿಲ್ಲಲಿಲ್ಲ. ಎಡಕ್ಕೆ ತಿರುಗಿ, ಮಾವನ ಕಿರುಚಾಟವನ್ನೂ ದಾಟಿ, ಮಿಲ್ಲಿನವರು ಸುರಿದಿದ್ದ ಮರದ ಹೊಟ್ಟಿನ ಗುಡ್ಡೆಯೊಳಕ್ಕೆ ಸೀಟಿನವರೆಗೂ ಹೊಕ್ಕು ನಿಂತಿತು.

ಮಾವ ಓಡಿದ. ಐವತ್ತೆರಡು ವರ್ಷದ ಕಾಲುಗಳು ಹಾಗೆ ಓಡಬಲ್ಲವೆಂದು ಅವುಗಳಿಗೂ ಗೊತ್ತಿರಲಿಲ್ಲ. ಹೊಟ್ಟಿನೊಳಗಿಂದ ಮಗಳು ಸೀನುತ್ತ ಎದ್ದು ಬಂದಳು. ತಲೆ, ಹುಬ್ಬು, ಕಿವಿ ಎಲ್ಲ ಹೊಟ್ಟುಮಯ. ಒಂದು ಗೀರೂ ಆಗಿರಲಿಲ್ಲ. ಅವಳು ನಗುತ್ತಿದ್ದಳು.

"ಬಯ್ಯಬೇಡಪ್ಪಾ. ತಪ್ಪು ನಂದೇ. ಗಾಡಿ ನಿನ್ನೆ ಪಾಸಾಗಿದೆ ಅಂದ್ಮೇಲೆ ಬ್ರೇಕ್ ಚೆನ್ನಾಗೇ ಇರುತ್ತೆ. ನಂಗೇ ತುಳಿಯೋಕೆ ಬರ್ಲಿಲ್ಲ. ನಾಳೆ ಮತ್ತೆ ಕಲೀತೀನಿ."

ಬಯ್ಯಲು ತೆರೆದಿದ್ದ ಬಾಯಿ ಹಾಗೇ ನಿಂತಿತು. ಅವಳೇ ಬೈದಿದ್ದರೆ, ಇದೆಂಥ ಡಬ್ಬಾ ಗಾಡಿ ಎಂದಿದ್ದರೆ, ಅವನು ತಿರುಗಿ ಎರಡು ಮಾತು ಬೈದು ಹಗುರಾಗುತ್ತಿದ್ದ. ಇವಳೋ ತನ್ನ ಕಾಲನ್ನು ನಂಬದೆ ಆ ಚೀಟಿಯನ್ನು ನಂಬುತ್ತಿದ್ದಾಳೆ! ಸೋಮವಾರ ಗುಡ್ಡದ ಇಳಿಜಾರಿನಲ್ಲೂ ಚೀಟಿಯನ್ನೇ ನಂಬುತ್ತಾಳೆ.

ಮನೆಗೆ ಬಂದು ಹೆಂಡತಿಗೆ ಒಳಗಿನದನ್ನೆಲ್ಲ ಹೇಳಿದ. ಅವಳಿಗೆ ಮದುಮಗನ ಸೆಟ್ಟಿನ ವಿಷಯ ಗೊತ್ತಿರದೆ ಏನು, ಹದಿನಾಲ್ಕು ವರ್ಷದಿಂದ ಗೊತ್ತಿತ್ತು. ಸೊಪ್ಪು ಬಿಡಿಸುತ್ತಲೇ ಕೇಳಿದಳು: "ಹೋದ ವರ್ಷ ಮೂಲೆ ಅಂಗಡಿಯವನು ತೂಕದ ಇಲಾಖೆಯವರು ಬಂದ ದಿನ ಪಕ್ಕದಂಗಡಿ ತಕ್ಕಡಿ ತಂದಿಟ್ಟು ಮುದ್ರೆ ಹಾಕಿಸ್ಕೊಂಡಿದ್ನಲ್ಲ, ಅವನಿಗೆ ಏನಂದ್ರಿ ನೀವು?"

"ಅದು ಬೇರೆ."

"ಕಳ್ಳ ಅಂದ್ರಿ. ಬೀದಿಲಿ ನಿಂತು ಅಂದ್ರಿ. ನಾನು ಇಲ್ಲಿ ಕೂತು ಕೇಳಿಸ್ಕೊಂಡೆ."

"ಅದು ಬೇರೆ ಅಂದ್ನಲ್ಲ! ಅವನು ಊರಿಗೆ ಮೋಸ ಮಾಡ್ತಿದ್ದ. ನಾನು ಯಾರಿಗೆ ಮಾಡ್ದೆ? ಗಾಡಿ ಓಡ್ಸೋನು ನಾನೊಬ್ಬನೇ!"

"ಸೋಮವಾರದಿಂದ?"

ಮಾವ ಎದ್ದು ಹೋಗಿ ಹಿತ್ತಲಿನಲ್ಲಿ ನಿಂತು ಬಕೆಟ್ಟಿಗೆ ಬೈದ. ಬಕೆಟ್ಟು ಏನೂ ಮಾಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ, "ಗಾಡಿಗೆ ಏನೇನು ಆಗ್ಬೇಕು ಹೇಳೋ. ಎಲ್ಲಾ ನೋಡು," ಎಂದ.

ಸೈಲೆನ್ಸರ್ ಟೈರಿಗೆ ಒಂದು ಒದೆ ಕೊಟ್ಟು, ಗಾಡಿಯನ್ನು ಒಮ್ಮೆ ಅಲುಗಾಡಿಸಿ, "ಬ್ರೇಕ್ ಹೊಸದು ಹಾಕೋಣ. ಮಿಕ್ಕಿದ್ದು ಕಲ್ಲಿದ್ದಂಗಿದೆ ಮಾವ. ಇನ್ನೂ ಇಪ್ಪತ್ತು ವರ್ಷ ಓಡುತ್ತೆ," ಎಂದ.

"ಹೋದ ವರ್ಷಾನೂ ಇದನ್ನೇ ಅಂದಿದ್ದೆ."

"ಹೋದ ವರ್ಷಾನೂ ಓಡ್ತಲ್ಲ!"

ಮಾವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಸಿಟ್ಟಿನೊಳಗೇ ಒಂದು ಯೋಚನೆ ಬಂತು, ಅದು ಅವನ ಕಸುಬಿನ ಯೋಚನೆ. ಮೂವತ್ತು ವರ್ಷ ಒಂದೇ ತಕ್ಕಡಿಯಲ್ಲಿ ತೂಗಿದ ಅಂಗಡಿಯವನಿಗೆ ಅದರ ವಾರೆ ಕಾಣುವುದಿಲ್ಲ. ಅವನ ಕೈಯೇ ವಾರೆಗೆ ಹೊಂದಿಕೊಂಡಿರುತ್ತದೆ. ಅದಕ್ಕೇ ಹೊರಗಿನವನೊಬ್ಬ ಬಟ್ಟು ಹಿಡಿದುಕೊಂಡು ಬರಬೇಕಾಗುತ್ತದೆ. ಹದಿನಾಲ್ಕು ವರ್ಷದಿಂದ ಇನ್‌ಸ್ಪೆಕ್ಟರು ನೋಡಿದ್ದು ಸೈಲೆನ್ಸರಿನ ಚಕ್ರವನ್ನು. ತನ್ನ ಗಾಡಿಯನ್ನು ಯಾರು ನೋಡಿದ್ದಾರೆ? ಯಾರೂ ಇಲ್ಲ. ತಾನೂ ನೋಡಿಲ್ಲ.

ಶನಿವಾರ ಕೇಂದ್ರಕ್ಕೆ ಅರ್ಧ ದಿನ. ಬಾಗಿಲು ತೆರೆಯುವ ಮೊದಲೇ ಮಾವ ಗೇಟಿನಲ್ಲಿದ್ದ, ಗಾಡಿಯ ಸ್ವಂತ ಚಕ್ರಗಳ ಮೇಲೆ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ನೆಲದ ಮೇಲೆ ಬ್ರೇಕ್ ಪರೀಕ್ಷೆಯ ಹಳದಿ ಗೆರೆ, ಪಕ್ಕದಲ್ಲಿ ಕಿಟಕಿಯ ಹಿಂದೆ ಒಬ್ಬ ಗುಮಾಸ್ತ.

"ನಂದು ಪಾಸಾಗಿರೋ ಗಾಡಿ. ಇದನ್ನ ಫೇಲ್ ಮಾಡ್ಬೇಕು," ಎಂದ ಮಾವ.

ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಫೇಲಾಗಿರೋದನ್ನ ಮತ್ತೆ ನೋಡಿ ಅನ್ನೋಕೆ ಅರ್ಜಿ ಇದೆ. ಪಾಸಾಗಿರೋದನ್ನ ಮತ್ತೆ ನೋಡಿ ಅನ್ನೋಕೆ ಅರ್ಜಿ ಇಲ್ಲ."

"ಯಾಕಿಲ್ಲ?"

"ಯಾರೂ ಕೇಳಿಲ್ಲ."

"ನಾನು ಕೇಳ್ತಿದೀನಲ್ರೀ! ಮನುಷ್ಯ ಅಲ್ವಾ ನಾನು? ಒಂದು ಬಿಳಿ ಹಾಳೆ ಕೊಡಿ ಇತ್ಲಾಗೆ!"

ಗಲಾಟೆಗೆ ಇನ್‌ಸ್ಪೆಕ್ಟರ್ ಮೇಡಂ ಟೀ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಮೂರು ವರ್ಷದ ಹಿಂದೆ ಈ ಕೇಂದ್ರಕ್ಕೆ ಬಂದವರು. ಸಣ್ಣ ಮೈಯ, ಸಣ್ಣ ದನಿಯ ಹೆಂಗಸು. ಪ್ಯಾಂಟಿನ ಮಂಡಿಯ ಮೇಲೆ ಗ್ರೀಸಿನ ಕಲೆ. ಗಾಡಿಯನ್ನು ಒಮ್ಮೆ ನೋಡಿದರು, ಬಗ್ಗಿ ಹಿಂದಿನ ಚಕ್ರವನ್ನು ನೋಡಿದರು.

"ಓ, ಇವತ್ತು ಇಪ್ಪತ್ಮೂರು ಬಂದಿಲ್ಲ."

"ಯಾವ ಇಪ್ಪತ್ಮೂರು?"

"ಆ ಚಕ್ರ, ಯಜಮಾನ್ರೇ. ನನ್ನ ಮುಂದೆ ಬಂದಾಗೆಲ್ಲ ಅದರ ನಡುವಿನ ಗುಂಬದ ಒಳಮಗ್ಗುಲಿಗೆ ಬಿಳಿ ಪೇಂಟಲ್ಲಿ ಒಂದು ಸಣ್ಣ ಗೀಟು ಹಾಕ್ತೀನಿ. ಬುಧವಾರ ನೀವು ತಂದಾಗ ಇಪ್ಪತ್ಮೂರನೇದು."

ಆ ಬಿಳಿ ಗೀಟುಗಳನ್ನು ಮಾವ ನೋಡಿದ್ದ. ಅದು ಕಂಪನಿಯವರ ಗುರುತು, ಒರೆಸಬಾರದು ಎಂದು ಸೈಲೆನ್ಸರ್ ಎಲ್ಲರಿಗೂ ಹೇಳಿದ್ದ! ಒಂದು ಗಳಿಗೆ ಮಾವ ನಾಚಿದ, ಮರುಗಳಿಗೆಗೆ ಉರಿದುಬಿದ್ದ.

"ಗೊತ್ತಿದ್ದೂ ಪಾಸ್ ಮಾಡಿದ್ರಾ? ನಾಚಿಕೆ ಆಗ್ಲಿಲ್ವಾ ನಿಮಗೆ?"

"ನಿಮಗೆ?" ಎಂದರು ಮೇಡಂ, ಟೀ ಹೀರುತ್ತ.

ಮಾವ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟ.

"ಚಕ್ರ ಚೆನ್ನಾಗಿದೆ," ಎಂದರು ಅವರು. "ಚೆನ್ನಾಗಿರೋ ಚಕ್ರಾನ ಹೇಗೆ ಫೇಲ್ ಮಾಡ್ಲಿ? ನನ್ನ ಪಟ್ಟಿಲಿ ಬ್ರೇಕ್ ಹಿಡಿಯುತ್ತಾ ಅಂತ ಇದೆ, ಬ್ರೇಕ್ ಯಾರದ್ದು ಅಂತ ಇಲ್ಲ. ಮೇಲಿನವರಿಗೆ ಎರಡು ಸಲ ಬರೆದೆ. ಗಾಡಿಯವರು ಯಾರಾದ್ರೂ ಬರೆದುಕೊಟ್ರೆ ಕ್ರಮ ತಗೋಬಹುದು ಅಂತ ಉತ್ತರ ಬಂತು. ಯಾರು ಬರೆದುಕೊಡ್ತಾರೆ? ಮೂರು ವರ್ಷದಿಂದ ಗೀಟು ಹಾಕ್ತಾ ಕೂತಿದ್ದೀನಿ."

ಮಾವ ಮಗಳ ವಿಷಯ ಹೇಳಿದ. ಗುಡ್ಡ, ದನ, ಸೋಮವಾರ ಒಂಬತ್ತು ಗಂಟೆ. "ನೀವೊಂದ್ಸಲ ಗಾಡಿ ನೋಡಿ, ಏನೇನು ಕೆಟ್ಟಿದೆ ಅಂತ ಬಾಯಲ್ಲಿ ಹೇಳ್ಬಿಡಿ ಮೇಡಂ. ಮಾಡಿಸ್ಕೋತೀನಿ. ಚೀಟಿ ಹಂಗೇ ಇರ್ಲಿ."

"ಗೇಟಿನೊಳಗೆ ಬಂದ ಗಾಡೀನ ಬಾಯಿಮಾತಲ್ಲಿ ನೋಡೋ ಹಂಗಿಲ್ಲ. ನೋಡಿದ್ರೆ ಬರೀಬೇಕು. ಫೇಲಾದ್ರೆ ಇವತ್ತೇ ಚೀಟಿ ರದ್ದು. ಮತ್ತೆ ತಪಾಸಣೆ ಗುರುವಾರಕ್ಕಿಂತ ಮುಂಚೆ ಸಿಗಲ್ಲ. ಸೋಮವಾರ ನಿಮ್ಮ ಮಗಳ ಕೈಲಿ ಚೀಟಿ ಇರಲ್ಲ. ಯೋಚನೆ ಮಾಡಿ."

ಯೋಚನೆ ಮಾಡುವುದು ಮಾವನಿಗೆ ಒಗ್ಗದ ಕೆಲಸ. ಎರಡು ವರ್ಷ ಕಾದ ಕೆಲಸ ಕೈತಪ್ಪಬಹುದು. ಚೀಟಿ ಮಡಿಚಿ ಜೇಬಿಗಿಟ್ಟುಕೊಂಡು, ಸೈಲೆನ್ಸರಿನ ಕೈಯಲ್ಲಿ ಹೊಸ ಬ್ರೇಕು ಹಾಕಿಸಿ, ತೆಪ್ಪಗೆ ಮನೆಗೆ ಹೋಗಬಹುದು. ಯಾರಿಗೆ ಗೊತ್ತಾಗುತ್ತದೆ? ಅವನ ಕಣ್ಣ ಮುಂದೆ ಹೊಟ್ಟಿನ ಗುಡ್ಡೆಯಿಂದ ಎದ್ದು ಬಂದ ಮುಖ ಬಂತು. ಗುಡ್ಡದ ರಸ್ತೆಯಲ್ಲಿ ಹೊಟ್ಟು ಸುರಿದಿರುವುದಿಲ್ಲ.

"ಪೆನ್ ಕೊಡ್ರೀ," ಎಂದ ಗುಮಾಸ್ತನಿಗೆ.

ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿದ್ದವು, ಆದರೆ ಅರ್ಥವಾಗುತ್ತಿದ್ದವು. ಹದಿನಾಲ್ಕು ಸಲ ಸೈಲೆನ್ಸರ್ ಗ್ಯಾರೇಜಿನ ಚಕ್ರ ಹಾಕಿ ಪಾಸು ಮಾಡಿಸಿದ್ದೇನೆ, ಈಗ ನನ್ನದೇ ಚಕ್ರ ನೋಡಿ, ಎಂದು ಬರೆದು ಸಹಿ ಹಾಕಿದ. ಮೇಡಂ ಆ ಹಾಳೆಯನ್ನು ಎರಡು ಸಲ ಓದಿ ಮಡಿಸಿಟ್ಟರು. ಮೂರು ವರ್ಷ ಕಾದದ್ದು ಕೈಗೆ ಬಂದವರ ಮುಖ.

ಆಮೇಲೆ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದರು. ಒಂದು ಗಂಟೆಗೂ ಹೆಚ್ಚು ಹೊತ್ತು ನೋಡಿದರು. ಚೈನು ಎಳೆದರು, ಹ್ಯಾಂಡಲ್ ಕುಲುಕಿದರು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿದರು. ಕೊನೆಗೆ ಎಡಮಗ್ಗುಲಿನ ಮರದ ಪೆಟ್ಟಿಗೆ ಬಿಚ್ಚಿಸಿದರು. ಪೆಟ್ಟಿಗೆಯ ಹಿಂದಿನ ಮಣ್ಣು, ಜಿಡ್ಡು ಬಟ್ಟೆಯಲ್ಲಿ ಒರೆಸಿ, "ಬನ್ನಿ ಯಜಮಾನ್ರೇ, ಉಗುರು ಇಡಿ ಇಲ್ಲಿ," ಎಂದರು.

ಸೀಟಿನ ಕೆಳಗಿನ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಬಿರುಕು. ಮಾವನ ಹೆಬ್ಬೆರಳಿನ ಉಗುರು ಅದರೊಳಗೆ ಹೋಯಿತು. ವರ್ಷಗಟ್ಟಲೆ ಒಂದೇ ಮಗ್ಗುಲಿಗೆ ಇಪ್ಪತ್ತು ಕಿಲೋ ನೇತುಹಾಕಿದ್ದ ಜಾಗ. ಊರಿನ ತಕ್ಕಡಿಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ ಬಟ್ಟುಗಳು ಅವನ ಗಾಡಿಯನ್ನು ವಾರೆ ಮಾಡಿದ್ದವು. ಎಡಕ್ಕೆ ಎಳೆಯುತ್ತಿದ್ದದ್ದು ಗುಣವಲ್ಲ, ಮುರಿತ.

"ಜೋರಾಗಿ ಬ್ರೇಕ್ ಹಾಕಿದ್ರೆ ಇಲ್ಲೇ ಎರಡಾಗುತ್ತೆ," ಎಂದರು ಮೇಡಂ.

"ಹಂಗಾದ್ರೆ ಇಷ್ಟು ವರ್ಷ ಯಾಕಾಗ್ಲಿಲ್ಲ?"

"ನಿಮಗೆ ಬ್ರೇಕೇ ಇರ್ಲಿಲ್ವಲ್ಲ. ಅದಕ್ಕೇ ಬದುಕಿದ್ದೀರಿ."

ಗುಮಾಸ್ತ ಕಿಟಕಿಯ ಹಿಂದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡ. ಮಾವ ನಗಲಿಲ್ಲ. ನಿನ್ನೆ ಸೈಲೆನ್ಸರ್ ಮಾತು ಕೇಳಿ ಬರೀ ಬ್ರೇಕು ಹಾಕಿಸಿ ಕೊಟ್ಟಿದ್ದರೆ? ಒಂಬತ್ತು ದೋಷಗಳ ಪಟ್ಟಿ ಬರೆದು ಫೇಲ್ ಎಂದು ಮುದ್ರೆ ಒತ್ತಿ ಕೊಟ್ಟಾಗ ಎರಡೂ ಕೈಯಲ್ಲಿ ಇಸಿದುಕೊಂಡ.

ಗಾಡಿಯನ್ನು ತಳ್ಳಿಕೊಂಡೇ ಮನೆಗೆ ಬಂದು ಮಗಳ ಮುಂದೆ ಪಟ್ಟಿ ಇಟ್ಟು ಎಲ್ಲ ಹೇಳಿದ. ಅವಳು ಪೂರ್ತಿ ಓದಿದಳು. ನಗಲಿಲ್ಲ.

"ನನ್ನನ್ನ ಹಿಂದೆ ಕೂರಿಸ್ಕೊಂಡು ಸ್ಕೂಲಿಗೆ ಬಿಡ್ತಿದ್ದದ್ದೂ ಇದರಲ್ಲೇ ಅಲ್ವಾ?"

"ಹ್ಞೂಂ."

"ಗೊತ್ತಿತ್ತಾ ನಿಂಗೆ?"

"ಬ್ರೇಕಿಂದು ಗೊತ್ತಿತ್ತು. ಇದು ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಳೋಕೂ ಹೋಗ್ಲಿಲ್ಲ ಕಣಮ್ಮಾ. ಚೀಟಿ ಇತ್ತಲ್ಲ."

ಅವಳು ಪಟ್ಟಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು. ಆ ಹೊತ್ತಿನಲ್ಲಿ ಮಾವನಿಗೆ ತಾನು ಇದುವರೆಗೆ ಬೈದ ಅಂಗಡಿಯವರೆಲ್ಲ ಸಾಲಾಗಿ ನೆನಪಾದರು. ಆಮೇಲೆ ಅವಳು ಎದ್ದು ದುಪಟ್ಟಾ ಸೊಂಟಕ್ಕೆ ಕಟ್ಟಿ, "ಸ್ಪ್ಯಾನರ್ ಎಲ್ಲಿ? ಮೊದಲನೇದು ಯಾವುದು, ಓದು," ಎಂದಳು.

ಸೈಲೆನ್ಸರ್ ಮರುದಿನ ಕೂಗಾಡಿಕೊಂಡೇ ಬಂದ. ಮೇಡಂ ಶನಿವಾರ ಮಧ್ಯಾಹ್ನವೇ ಗ್ಯಾರೇಜಿಗೆ ಹೋಗಿ ಸೆಟ್ ಎತ್ತಿಕೊಂಡು ಹೋಗಿದ್ದರು. "ನನ್ನ ಮದುಮಗನ್ನ ಹಿಡ್ಕೊಟ್ಟುಬಿಟ್ಟೆಯಲ್ಲ ಮಾವ! ನಾಳೆ ಹಾಲಿನವನ ಗಾಡಿಗೆ ಏನ್ ತೊಡಿಸ್ಲಿ, ನನ್ನ ತಲೆನಾ?"

"ಮಿಕ್ಕಿದ್ದು ಕಲ್ಲಿದ್ದಂಗಿದೆ ಅಂದಿದ್ಯಲ್ಲೋ, ಬಾ ಇಲ್ಲಿ, ಉಗುರು ಇಡು!"

ಸೈಲೆನ್ಸರ್ ಉಗುರು ಇಟ್ಟ. ಅವನ ಬಾಯಿ ನಿಂತಿತು. ಪೂರ್ತಿ ಐದು ನಿಮಿಷ ನಿಂತಿತ್ತೆಂದು ಮಾವನ ಹೆಂಡತಿ ಈಗಲೂ ಸಾಕ್ಷಿ ಹೇಳುತ್ತಾಳೆ. ಆಮೇಲೆ ಮಾತಿಲ್ಲದೆ ಹೋಗಿ ವೆಲ್ಡಿಂಗ್ ಸಾಮಾನು ತಂದ.

ಸೋಮವಾರ ಮಗಳು ಫೇಲಾದ ಪಟ್ಟಿ ಹಿಡಿದುಕೊಂಡು ನಡೆದೇ ದನದ ಆಸ್ಪತ್ರೆಗೆ ಹೋದಳು. ಮಾವ ಆ ದಿನ ಮೂರು ತಕ್ಕಡಿಗಳನ್ನು ಬಿಚ್ಚಿ, ಮೂರನ್ನೂ ತಪ್ಪಾಗಿ ಜೋಡಿಸಿದ. ಸಂಜೆ ಅವಳು ಬಂದು ಡಾಕ್ಟರ ದನಿಯಲ್ಲೇ ಹೇಳಿದಳು: "ಸ್ವಂತ ಗಾಡೀನ ಫೇಲ್ ಮಾಡಿಸ್ಕೊಂಡು ಬಂದೋರನ್ನ ಇವತ್ತೇ ನೋಡಿದ್ದು. ಗುರುವಾರದವರೆಗೂ ಊರೊಳಗಿನ ಕೊಟ್ಟಿಗೆಗಳಿಗೆ ನಡ್ಕೊಂಡು ಹೋಗು. ಶುಕ್ರವಾರ ಗಾಡಿ ಇಲ್ದಿದ್ರೆ, ಆಯ್ಕೆ ಪಟ್ಟಿಲಿ ನಿನ್ನ ಹಿಂದೆ ಇರೋರನ್ನ ಕರೀತೀನಿ."

ಗುರುವಾರದವರೆಗೆ ಆ ಮನೆಯಂಗಳದಲ್ಲಿ ಸುತ್ತಿಗೆ ನಿಲ್ಲಲಿಲ್ಲ. ಚೌಕಟ್ಟಿಗೆ ಬೆಸುಗೆ, ಚಕ್ರಗಳಿಗೆ ಹೊಸ ಕಡ್ಡಿ, ಬ್ರೇಕು, ಚೈನು, ಹ್ಯಾಂಡಲಿನ ಬೇರಿಂಗು. ಒಂದೊಂದು ಮುಗಿದಾಗಲೂ ಮಗಳು ಪಟ್ಟಿಯಲ್ಲಿ ಒಂದು ಗೆರೆ ಎಳೆದಳು. ಬಟ್ಟುಗಳ ಪೆಟ್ಟಿಗೆ ತಳ್ಳುಗಾಡಿಗೆ ಹೋಯಿತು.

ಗುರುವಾರ ಮೇಡಂ ಗಾಡಿಯನ್ನು ತಾವೇ ಓಡಿಸಿ ಹಳದಿ ಗೆರೆಯ ಮೇಲೆ ಬ್ರೇಕು ತುಳಿದರು. ನಿಂತಿತು. ಕೆಳಗೆ ಮಲಗಿ ಬೆಸುಗೆಯ ಮೇಲೆ ಬೆರಳಾಡಿಸಿದರು. ಎದ್ದು ಪೆನ್ನು ತೆಗೆದರು.

"ಇನ್ನೊಂದ್ಸಲ ನೋಡಿ," ಎಂದ ಮಾವ.

"ಪಾಸಾಗಿದೆ ಯಜಮಾನ್ರೇ."

"ಪಾಸಾಗೋದು ಹೋದ ವಾರಾನೂ ಆಗಿತ್ತು! ಇನ್ನೊಂದ್ಸಲ ತುಳೀರಿ ಅಂದ್ರೆ ತುಳೀಬಾರ್ದಾ?"

ಮೇಡಂ ಮೂರು ಸಲ ತುಳಿದು ತೋರಿಸಬೇಕಾಯಿತು. ಮೂರು ಸಲವೂ ನಿಂತಿತು. ಆಮೇಲೆಯೇ ಅವನು ಚೀಟಿಗೆ ಕೈಚಾಚಿದ್ದು. ಅದನ್ನು ನೇರವಾಗಿ ಮಗಳ ಕೈಗೆ ಕೊಟ್ಟ.

"ಮನೆವರೆಗೆ ನಾನೇ ಓಡಿಸ್ತೀನಿ. ಕೊನೇ ಸಲ," ಎಂದು ಹತ್ತಿ ಕೂತ. ಬಲಕ್ಕೆ ವಾಲಿ ಕೂತ. ಗಾಡಿ ಈಗ ನೆಟ್ಟಗಿತ್ತಲ್ಲ, ವಾಲಿದ ಕಡೆಗೇ ಹೊರಟು ಕೇಂದ್ರದ ಕಾಂಪೌಂಡು ಗೋಡೆಯತ್ತ ನುಗ್ಗಿತು. ಗಾಬರಿಯಲ್ಲಿ ಕಾಲು ತನ್ನ ಹಳೆ ರೂಢಿಯಂತೆ ಮೂರು ಸಲ ತುಳಿಯಲು ಹೊರಟಿತು. ಒಂದನೆಯದಕ್ಕೇ ಗಾಡಿ ನಿಂತು ಮಾವನ ಎದೆ ಟ್ಯಾಂಕಿಗೆ ಬಡಿಯಿತು.

"ಅಪ್ಪಾ, ಇಳಿ. ಹಿಂದೆ ಕೂತ್ಕೋ."

ಅವನು ಹಿಂದೆ ಕೂತ. ಈ ಗಾಡಿಯ ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಗಳು ನೆಟ್ಟಗೆ ಕೂತು ನೆಟ್ಟಗೆ ಓಡಿಸಿದಳು. ಪೇಟೆಯ ಇಳಿಜಾರಿನಲ್ಲಿ, ಹಾಲಿನ ಕ್ಯಾನುಗಳನ್ನು ಎರಡೂ ಕಡೆ ನೇತುಹಾಕಿಕೊಂಡ ಹಾಲಿನವನು ಅಡ್ಡರಸ್ತೆಯಿಂದ ತನ್ನ ಹಳೆ ಗಾಡಿಯಲ್ಲಿ ದಡಬಡಿಸಿ ನುಗ್ಗಿ ಎದುರಿಗೇ ಬಂದ. ಮಗಳು ಬ್ರೇಕು ತುಳಿದಳು. ಗಾಡಿ ಅಲ್ಲೇ, ಗೂಟ ಹೊಡೆದಂತೆ ನಿಂತಿತು. ಮಾವನ ಗದ್ದ ಅವಳ ಹೆಲ್ಮೆಟ್ಟಿಗೆ ಬಡಿಯಿತು. ಹಾಲಿನವನು ಮಾತ್ರ ನಿಲ್ಲಲಾಗದ ತನ್ನ ಗಾಡಿಯ ಮೇಲೆ ಕಾಲುಗಳನ್ನು ನೆಲಕ್ಕೆ ಉಜ್ಜುತ್ತ, ಕ್ಯಾನು ಗಡಗಡಿಸುತ್ತ ಇಳಿಜಾರಿನುದ್ದಕ್ಕೂ ಹೋಗುತ್ತಲೇ ಇದ್ದ.

ಮಾವ ಗದ್ದ ಉಜ್ಜಿಕೊಳ್ಳುತ್ತ ಸೀಟಿನ ಮೇಲೆ ಎದ್ದು ನಿಂತ. ವಾರದಿಂದ ಒಳಗೇ ಉಳಿದಿದ್ದ ದನಿಯೆಲ್ಲ ಒಟ್ಟಿಗೆ ಹೊರಗೆ ಬಂತು.

"ಲೋ! ನಮ್ಮ ಗಾಡಿ ನಿಲ್ಲುತ್ತೆ ಅಂತ ಊರಿನ ಗಾಡಿಗಳೆಲ್ಲಾ ನಿಲ್ತಾವೇನೋ? ನೋಡ್ಕೊಂಡ್ ಹೋಗೋ!"

"ಕೂತ್ಕೋ ಅಪ್ಪಾ," ಎಂದಳು ಮಗಳು, ಗೇರು ಹಾಕುತ್ತ.